ವೈದ್ಯರ ಮರ್ಯಾದೆ: ಭೀಮಾತೀರದಿಂದ ಚೀನಾದವರೆಗೆ

ಇಂಡಿ ತಾಲ್ಲೂಕಿನ ಉತ್ತರದ ಅಂಚಿನಲ್ಲಿ ಭೀಮಾ ನದಿ ಹರಿಯುತ್ತದೆ. ಅದನ್ನು ದಾಟಿದರೆ ಸೊಲ್ಲಾಪುರ ಜಿಲ್ಲೆ. ಇಂಡಿ, ಸಿಂದಗಿ ಭಾಗದ ನಮ್ಮ ಜನರಿಗೆ ಸೊಲ್ಲಾಪುರವು ಪರರಾಜ್ಯವೆಂದು ಎಂದೂ ಅನ್ನಿಸಿಲ್ಲ. ಸಂತೆ, ಬೀಗತನ, ದವಾಖಾನೆ ಎಲ್ಲಕ್ಕೂ ಅಲ್ಲಿಗೆ ಹೋಗಿಬರುವುದು ಹಿಂದಿನಿಂದ ಬಂದ ರೂಢಿ. ಆ ಊರಿನಲ್ಲಿ 1910ರಲ್ಲಿ ಜನಿಸಿದ ಒಬ್ಬ ವೈದ್ಯರ ಸಮಾಧಿಗೆ ಇಂದಿಗೂ ಚೀನಾದ ಜನ ಹೂವಿರಿಸುತ್ತಾರೆಂಬ ಸಂಗತಿ ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ! ಅವರೇ ಡಾ. ದ್ವಾರಕಾನಾಥ ಕೋಟ್ನೀಸ್.

ಜಪಾನಿನ ಆಕ್ರಮಣಕ್ಕೆ ತುತ್ತಾಗಿದ್ದ ಚೀನಾದ ಕೋರಿಕೆಯ ಮೇರೆಗೆ 1938ರಲ್ಲಿ, ಸುಭಾಷಚಂದ್ರ ಬೋಸರು ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗ, ಐವರು ಭಾರತೀಯ ವೈದ್ಯರ ತಂಡ ಅಲ್ಲಿಗೆ ತೆರಳಿತು. ಉಳಿದ ನಾಲ್ವರು ಒಬ್ಬೊಬ್ಬರಾಗಿ ಮರಳಿದರು, ಕೋಟ್ನೀಸರು ಮರಳಲಿಲ್ಲ. ಅವರು ಚೀನೀ ಭಾಷೆ ಕಲಿತರು, ಯುದ್ಧಭೂಮಿಯ ಸಮೀಪದಲ್ಲಿಯೇ ಶಸ್ತ್ರಚಿಕಿತ್ಸೆ ಮಾಡಿದರು. 1941ರಲ್ಲಿ ಬೆಥೂನ್ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. ಅದೇ ವರ್ಷ ಗುವೋ ಚಿಂಗ್‌ಲಾನ್ ಎಂಬಾಕೆಯನ್ನು ವಿವಾಹವಾದರು. 1942ರ ಡಿಸೆಂಬರ್ 9ರಂದು ಮೂರ್ಛೆರೋಗದಿಂದ ಅಸುನೀಗಿದಾಗ ಅವರಿಗೆ ಕೇವಲ 32 ವರ್ಷ. 1946ರಲ್ಲಿ ವಿ. ಶಾಂತಾರಾಮರು ಅವರ ಬದುಕನ್ನು ಚಲನಚಿತ್ರವಾಗಿಸಿದರು.

ಒಬ್ಬ ಪರದೇಶೀಯ ವೈದ್ಯರಿಗೆ ಇಷ್ಟು ಗೌರವ ಕೊಟ್ಟ ಆ ನಾಡಿನಲ್ಲಿ ವೈದ್ಯವೃತ್ತಿಗೆ ಮೊದಲಿನಿಂದಲೂ ಉನ್ನತ ಸ್ಥಾನವಿತ್ತೆಂದು ಯಾರಾದರೂ ಭಾವಿಸಬಹುದು. ಆದರೆ ಹಾಗಿರಲಿಲ್ಲ. ಹಳೆಯ ಚೀನಾದಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ರಾಜಾಧಿಕಾರಿಯಾಗುವುದೇ ಪರಮ ಗೌರವ. ವೈದ್ಯಕೀಯವು ಬಹುಮಟ್ಟಿಗೆ ಒಂದು ಕುಶಲಕಸುಬು. ಹದಿನಾರನೆಯ ಶತಮಾನದ ಲಿ ಶಿಜೆನ್ ವೈದ್ಯರ ಮಗ. ಮಗ ಅಧಿಕಾರಿಯಾಗಲಿ ಎಂಬುದು ತಂದೆಯ ಆಸೆ. ಮೂರು ಬಾರಿ ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಮೇಲೆ ಆತ ತಂದೆಯ ವೃತ್ತಿಗೆ ಬಂದ. ಅನಂತರ ಆತ ರಚಿಸಿದ, 1892 ಔಷಧದ್ರವ್ಯಗಳನ್ನು ವಿವರಿಸುವ ಮಹಾಗ್ರಂಥ ಇಂದಿಗೂ ಪ್ರಸಿದ್ಧವಾಗಿದೆ.

ಆದರೂ ಜನಸಾಮಾನ್ಯರ ಗೌರವ ಬೇರೆಯೇ ದಾರಿಯಲ್ಲಿ ನಡೆದಿತ್ತು. ಡಾಂಗ್ ಫೆಂಗ್ ಎಂಬ ವೈದ್ಯ ಬಡವರಿಂದ ಹಣ ಪಡೆಯದೆ, ಗುಣವಾದವರು ಜರ್ದಾಳು ಗಿಡಗಳನ್ನು ನೆಟ್ಟರೆ ಸಾಕೆಂದನಂತೆ. ಕ್ರಮೇಣ ಅದೊಂದು ತೋಪಾಯಿತು. ಚೀನೀ ಭಾಷೆಯಲ್ಲಿ ಇಂದಿಗೂ ವೈದ್ಯಲೋಕಕ್ಕೆ 'ಜರ್ದಾಳು ತೋಪು' ಎಂಬ ಹೆಸರಿದೆ. ಈ ಕಥೆ ಓದಿದಾಗ ನನಗೆ ನೆನಪಾದದ್ದು ನಮ್ಮ ಇಂಡಿಯ ಲಿಂಬೆ ತೋಟಗಳು.

1970ರ ದಶಕದಲ್ಲಿ ನಾನು ಮುದ್ದೇಬಿಹಾಳ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಿಕ್ಷಕನಾಗಿದ್ದೆ. ಅಲ್ಲಿಗೆ ಸೈಕಲ್ ಮೇಲೆ ಬರುತ್ತಿದ್ದ ವೈದ್ಯರನ್ನು ಜನ 'ಡಾಕ್ಟರ್ ಸಾಹೇಬರು' ಎನ್ನುತ್ತಿದ್ದರು. ಕೈಯಲ್ಲಿ ರೊಕ್ಕವಿಲ್ಲದವರು ಸುಗ್ಗಿಯಲ್ಲಿ ಒಂದು ಸೇರು ಜೋಳವನ್ನೋ ಶೇಂಗಾವನ್ನೋ ತಂದುಕೊಡುತ್ತಿದ್ದರು. ಅವರು ಕಟ್ಟೆಯ ಮೇಲೆ ಕುಳಿತು ಮೊದಲು ಮಳೆ-ಬೆಳೆ ವಿಚಾರಿಸುವರು, ಬಳಿಕ ನಾಡಿ ಹಿಡಿಯುವರು. ಅವರಿಗೆ ವರ್ಗಾವಣೆಯಾದಾಗ ಅದನ್ನು ನಿಲ್ಲಿಸಬೇಕೆಂದು ಊರಿನ ಹಿರಿಯರು ತಾಲ್ಲೂಕಿನವರೆಗೆ ಹೋಗಿ ಬಂದರು.

ಚೀನಾದಲ್ಲಿಯೂ 1960ರ ದಶಕದ ಕೊನೆಯ ಹೊತ್ತಿಗೆ 'ಬರಿಗಾಲ ವೈದ್ಯರು' ಬಂದರು. ಅವರು ಕೆಲವು ತಿಂಗಳ ತರಬೇತಿ ಪಡೆದ ರೈತರು; ಅರ್ಧ ದಿನ ಹೊಲದಲ್ಲಿ, ಅರ್ಧ ದಿನ ಔಷಧಿಪೆಟ್ಟಿಗೆಯೊಂದಿಗೆ ಇರುತ್ತಿದ್ದರು. ಅವರ ವಿದ್ಯೆ ಅಲ್ಪವಾಗಿದ್ದರೂ ಅವರು ಊರಿನವರೇ ಆಗಿದ್ದರು. 1980ರ ದಶಕದಲ್ಲಿ ಸಾಮೂಹಿಕ ಬೇಸಾಯ ಕೊನೆಗೊಂಡಾಗ ಆ ವ್ಯವಸ್ಥೆಯೂ ಕರಗಿತು. ಸರಕಾರದ ನೆರವು ಕುಗ್ಗಿದ ಆಸ್ಪತ್ರೆಗಳು ಔಷಧ ಮತ್ತು ತಪಾಸಣೆಗಳಿಂದಲೇ ವೆಚ್ಚ ತುಂಬಿಕೊಳ್ಳಬೇಕಾಯಿತು. ವೈದ್ಯನು ಬರೆದ ಚೀಟಿ ತನ್ನ ರೋಗಕ್ಕೋ ಆಸ್ಪತ್ರೆಯ ಗಲ್ಲಾಪೆಟ್ಟಿಗೆಗೋ ಎಂಬ ಸಂಶಯ ರೋಗಿಯಲ್ಲಿ ಹುಟ್ಟಿತು. 2019ರ ಡಿಸೆಂಬರಿನಲ್ಲಿ ಬೀಜಿಂಗಿನ ಆಸ್ಪತ್ರೆಯೊಂದರಲ್ಲಿ ರೋಗಿಯ ಮಗನೇ ಯಾಂಗ್ ವೆನ್ ಎಂಬ ವೈದ್ಯೆಯನ್ನು ಇರಿದು ಕೊಂದನು. ಆಗಸ್ಟ್ 19ನ್ನು ವೈದ್ಯರ ದಿನವೆಂದು ಆ ದೇಶ ಆಚರಿಸತೊಡಗಿದ್ದು 2018ರಲ್ಲಿ. ಗೌರವಕ್ಕೊಂದು ದಿನ ಗೊತ್ತುಪಡಿಸಿದ ಮರುವರ್ಷವೇ ಈ ಕೊಲೆ.

ನಮ್ಮಲ್ಲಿಯೂ ವೈದ್ಯರ ಮೇಲಿನ ಹಲ್ಲೆ ತಡೆಯಲು ಕರ್ನಾಟಕ ಸರಕಾರ 2009ರಲ್ಲಿ ಕಾನೂನು ಮಾಡಬೇಕಾಯಿತು. ಬಸವನ ಬಾಗೇವಾಡಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವೈದ್ಯನಾಗಿ ತನ್ನ ಸೀಮೆಯಲ್ಲಿಯೇ ಸೇವೆ ಮಾಡುತ್ತಿದ್ದಾನೆ. ವೃದ್ಧ ರೋಗಿಯೊಬ್ಬರು ತೀರಿಕೊಂಡ ರಾತ್ರಿ ಅವರ ಸಂಬಂಧಿಕರು ದವಾಖಾನೆಯ ಗಾಜು ಒಡೆದರು. ಮರುವಾರ ನಮ್ಮ ಮನೆಗೆ ಬಂದು, "ಸರ್, ಪುಣೆಗೆ ಹೋಗಿಬಿಡ್ತೀನ್ರಿ. ಇಲ್ಲಿ ನಮಗ ಮರ್ಯಾದಿ ಉಳಿದಿಲ್ಲ" ಎಂದ. ಅವನು ಹೋದರೆ ಸುತ್ತಲಿನ ಊರುಗಳ ಬಾಣಂತಿಯರು ರಾತ್ರಿಹೊತ್ತು ವಿಜಯಪುರದವರೆಗೆ ಹೋಗಬೇಕಾಗುತ್ತದೆ. ಆದುದರಿಂದ ಅವನ ಮಾತು ನನ್ನ ನಿದ್ದೆಗೆಡಿಸಿತು.

ನಾನು ಅವನಿಗೆ ಹೇಳಿದ್ದು ಇಷ್ಟೇ. ವೈದ್ಯನನ್ನು ನಾರಾಯಣನೆಂದು ಪೂಜಿಸುವ ಜನವೇ, ಜೀವ ಉಳಿಯದಿದ್ದಾಗ ಅವನ ಮೇಲೆ ಕಲ್ಲೆತ್ತುತ್ತದೆ. ದೇವರಿಗೆ ಸೋಲುವ ಹಕ್ಕಿಲ್ಲವಷ್ಟೆ! ಬಸವಣ್ಣನವರ ಜನ್ಮಭೂಮಿಯಲ್ಲಿ ನಮಗೆ ಬೇರೊಂದು ಅಳತೆಗೋಲು ದೊರೆತಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬ. ಅಂಬಿಗರ ಚೌಡಯ್ಯ, ಸಮಗಾರ ಹರಳಯ್ಯರಂತೆ ಅವನೂ ಕಾಯಕಜೀವಿ. ಮೇಲೂ ಅಲ್ಲ, ಕೀಳೂ ಅಲ್ಲ. ಕಾಯಕ ಮಾಡುವವನಿಗೆ ಸೋಲುವ ಹಕ್ಕಿದೆ, ಲೆಕ್ಕ ಒಪ್ಪಿಸುವ ಹೊಣೆಯೂ ಇದೆ. ರೋಗ ಕೈಮೀರುತ್ತಿದೆ ಎಂಬುದನ್ನು ಮನೆಯವರಿಗೆ ಅವರ ಭಾಷೆಯಲ್ಲಿಯೇ, ಪಕ್ಕದಲ್ಲಿ ಕುಳಿತು ಹೇಳುವುದು ಔಷಧಿಯಷ್ಟೇ ಮುಖ್ಯ. ಕೋಟ್ನೀಸರು ಚೀನೀ ಭಾಷೆ ಕಲಿತದ್ದು ಇದಕ್ಕಾಗಿಯೇ ಅಲ್ಲವೆ?

ಗಾಜು ಒಡೆದವರ ಕಡೆಯ ಹಿರಿಯರನ್ನೂ ನಾನು ಕಂಡೆ. ಅವರಲ್ಲಿ ಇಬ್ಬರು ನನ್ನ ಶಿಷ್ಯರೇ. ಸತ್ತವರ ದುಃಖ ದೊಡ್ಡದು, ಆದರೆ ನಾಳೆ ಹೆರಿಗೆಗೆ ಬರುವ ನಿಮ್ಮ ಸೊಸೆಗೆ ಬಾಗಿಲು ತೆರೆಯುವವರು ಯಾರು ಎಂದು ಕೇಳಿದೆ. ಅವರು ತಲೆ ತಗ್ಗಿಸಿದರು. ಒಡೆದ ಗಾಜನ್ನು ತಾವೇ ಹಾಕಿಸಿಕೊಟ್ಟರು. ನನ್ನ ಶಿಷ್ಯ ಪುಣೆಗೆ ಹೋಗುವ ವಿಚಾರವನ್ನು ಇನ್ನೂ ಪೂರ್ತಿ ಬಿಟ್ಟಿಲ್ಲ. ಆದರೆ ದವಾಖಾನೆಯ ಬಾಗಿಲನ್ನು ಮುಚ್ಚಿಲ್ಲ.

ನನ್ನ ಶಿಷ್ಯರಲ್ಲಿ ವೈದ್ಯರೂ ಇದ್ದೀರಿ, ರೋಗಿಗಳ ಮನೆಯವರೂ ಇದ್ದೀರಿ. ಈ ಎರಡು ಮಾತು ಇಬ್ಬರಿಗೂ ಸಲ್ಲಲಿ.