ಘಟ್ಟ ಇಳಿಯುವ ರೈಲು

ಸಕಲೇಶಪುರದಲ್ಲಿ ಮಂಗಳೂರಿನ ರೈಲು ತುಸು ಹೆಚ್ಚೇ ಹೊತ್ತು ನಿಲ್ಲುತ್ತದೆ. ಪ್ರಯಾಣಿಕರು ಕಾಫಿ ಹೀರುತ್ತಿರುವಾಗ ಅತ್ತ ಬ್ರೇಕುಗಳ ಪರೀಕ್ಷೆ ನಡೆದಿರುತ್ತದೆ. ಮುಂದಿರುವುದು ಘಟ್ಟ. ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಹಾದಿಯಲ್ಲಿ 57 ಸುರಂಗಗಳು; ಸೇತುವೆಗಳನ್ನು ಎಣಿಸಹೊರಟ ಮಕ್ಕಳು ಅರ್ಧಕ್ಕೇ ಲೆಕ್ಕ ತಪ್ಪುತ್ತಾರೆ. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ಈ ಹಾದಿ, ಗೇಜ್ ಪರಿವರ್ತನೆಗೆಂದು 1996ರಲ್ಲಿ ಮುಚ್ಚಿ, ಪ್ರಯಾಣಿಕರಿಗೆ ಮತ್ತೆ ದೊರೆತದ್ದು 2007ರ ಡಿಸೆಂಬರಿನಲ್ಲಿ.

ಇಲ್ಲಿನ ಇಳಿಜಾರು ಐವತ್ತಕ್ಕೆ ಒಂದು. ಅಂದರೆ ಐವತ್ತು ಮೀಟರ್ ಸಾಗಿದರೆ ಒಂದು ಮೀಟರ್ ಕೆಳಗೆ. ನಡೆಯುವವರಿಗೆ ಇದೇನು ಮಹಾ ಎನಿಸೀತು. ರೈಲಿಗೆ ಹಾಗಲ್ಲ. ಸಾವಿರ ಟನ್ನಿನ ಗಾಡಿಯನ್ನು ಗುರುತ್ವವು 20 ಟನ್ ತೂಕದಷ್ಟು ಬಲದಿಂದ ಕೆಳಕ್ಕೆಳೆಯುತ್ತದೆ. ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಗಾಲಿ ಒಡ್ಡುವ ತಡೆ ಹೆಚ್ಚೆಂದರೆ ಎರಡು ಟನ್ನಿನಷ್ಟು. ಉಳಿದ 18 ಟನ್ನನ್ನು ಬ್ರೇಕೇ ಹಿಡಿಯಬೇಕು.

ಹಿಡಿದರೆ ಎಲ್ಲ ಬಲಗಳೂ ಸರಿತೂಗುತ್ತವೆ. ಸರಿತೂಗಿದ ಗಾಡಿ ನಿಲ್ಲುವುದಿಲ್ಲ. ಇದ್ದ ವೇಗದಲ್ಲೇ ಸಾಗುತ್ತದೆ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೊದಲ ನಿಯಮ ಇದೇ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಕಿಟಕಿಯಾಚೆ ಜಲಪಾತ, ಕಾಡು, ಮಂಜು ನಿಧಾನವಾಗಿ ಹಾದುಹೋಗುವುದು ಈ ಸಮತೋಲದ ಕೃಪೆ.

ಬ್ರೇಕ್ ಕೈಕೊಟ್ಟರೆ? ಆಗ ಎರಡನೆಯ ನಿಯಮದ ಸರದಿ. ಮಿಕ್ಕ ಬಲ ವೇಗವನ್ನು ಕ್ಷಣಕ್ಷಣಕ್ಕೂ ಹೆಚ್ಚಿಸುತ್ತದೆ. 30 ಕಿ.ಮೀ. ವೇಗ ಒಂದೇ ನಿಮಿಷದಲ್ಲಿ 65ನ್ನು ದಾಟೀತು. ಮುಂದೆ ತಿರುವು, ಅದರಾಚೆ ಕಮರಿ. ಅದಕ್ಕೆಂದೇ ಇಂಥ ಹಾದಿಯಲ್ಲಿ ಕ್ಯಾಚ್ ಸೈಡಿಂಗ್ ಎಂಬ ಏರುಹಳಿ ಇರುತ್ತದೆ. ಇಳಿದು ಬರುವ ಗಾಡಿಗೆ ಹಾದಿ ಸದಾ ಅದರತ್ತಲೇ ತಿರುಗಿರುತ್ತದೆ. ಗಾಡಿ ನಿಂತು, ತನ್ನ ಬ್ರೇಕ್ ಸರಿಯಿದೆಯೆಂದು ತೋರಿಸಿದ ಮೇಲಷ್ಟೇ ಮುಖ್ಯ ಹಳಿ ದೊರೆಯುತ್ತದೆ. ನಿಲ್ಲದ ಗಾಡಿ ದಿಬ್ಬವೇರುತ್ತದೆ; ಇಳಿಸಿದ ಗುರುತ್ವವೇ ಅಲ್ಲಿ ಹಿಂದಕ್ಕೆಳೆದು ನಿಲ್ಲಿಸುತ್ತದೆ. ಕಾಡಿನ ನಡುವೆ ರೈಲು ಕಾರಣವಿಲ್ಲದೆ ನಿಂತಿತೆಂದು ಗೊಣಗುವವರು ಇದನ್ನು ನೆನೆಯಬೇಕು.

ಏರುವ ಗಾಡಿಯ ಕಷ್ಟವೇ ಬೇರೆ. ಎಲ್ಲ ಎಂಜಿನ್‌ಗಳೂ ಮುಂದಿನಿಂದಲೇ ಎಳೆದರೆ ಇಡೀ ಭಾರ ಮೊದಲ ಕೊಂಡಿಯ ಮೇಲೆ. ಆದ್ದರಿಂದ ಹಿಂದಿನಿಂದಲೂ ಎಂಜಿನ್ ತಳ್ಳುತ್ತದೆ.

ಹಳಿಯ ಪಕ್ಕದ ಗುಡ್ಡಕ್ಕೂ ಇದೇ ಲೆಕ್ಕ. ಮಣ್ಣನ್ನು ಇಳಿಜಾರಿನಲ್ಲಿ ಹಿಡಿದಿರುವುದು ಘರ್ಷಣೆ. ಮಳೆನೀರು ಇಂಗಿದಂತೆ ಮಣ್ಣಿನ ತೂಕ ಹೆಚ್ಚುತ್ತದೆ, ಹಿಡಿತ ಸಡಿಲುತ್ತದೆ. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದು ರೈಲುಗಳು ಹಲವು ದಿನ ನಿಂತವು. ಗುಡ್ಡಕ್ಕೆ ಬ್ರೇಕಿಲ್ಲ. ಸುರಿಮಳೆಯಲ್ಲಿ ಹಳಿಯುದ್ದಕ್ಕೂ ಕಾವಲು ನಡೆಯುವ ಸಿಬ್ಬಂದಿಯ ಕಣ್ಣೇ ಅಲ್ಲಿ ಆಸರೆ.

ಸುಬ್ರಹ್ಮಣ್ಯ ರೋಡ್ ಬಂದಾಗ ಸೆಕೆ ಶುರು. ಚೀಲ ಎತ್ತಿಕೊಂಡು ಇಳಿಯುವವರಲ್ಲಿ ಬ್ರೇಕನ್ನು ನೆನೆಯುವವರು ಕಡಿಮೆ. ಅದು ತನ್ನ ಕೆಲಸ ಮಾಡಿದೆ ಎನ್ನುವುದಕ್ಕೆ ಅದೇ ಗುರುತು.