ಮೂರೂರ ಪ್ಲಗ್ಗು

ಮೈಸೂರಿನ ಯಾದವಗಿರಿಯಲ್ಲಿ, ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ನನ್ನ ಯೆಜ್ಡಿ ರೋಡ್‌ಕಿಂಗ್ ಈಗ ಬರೋಡಾದ ಪ್ರಜೆ. ನೌಕರಿ ನನ್ನನ್ನು ಇಲ್ಲಿಗೆ ಎಳೆತಂದಾಗ ಅದೂ ಗೋಣಿ ಹೊದ್ದು ರೈಲಿನಲ್ಲಿ ಬಂತು. 1961ರಲ್ಲಿ ಗಾಡಿ ಮಾಡಲು ಶುರುಮಾಡಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಗಾಡಿಗಳು ಮಾತ್ರ ಆ ಸುದ್ದಿಯನ್ನು ಕಿವಿಗೆ ಹಾಕಿಕೊಂಡಿಲ್ಲ. ಮಾಂಡವಿ ದರವಾಜೆಯ ಬಳಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಪಕ್ಕದ ಸ್ಕೂಟರಿನ ಕಾಕಾ ಜೋಡಿ ಸೈಲೆನ್ಸರಿನ ಹೊಗೆಯನ್ನು ಒಮ್ಮೆ ಒಳಗೆಳೆದುಕೊಂಡು ಕಣ್ಣರಳಿಸಿ ಕೇಳುತ್ತಾರೆ: "ಎವರೇಜ್ ಕೇಟಲೀ ಆಪೇ ಛೇ?" ಮೈಲೇಜ್ ಎಷ್ಟೆಂದು ಹೇಳಿ ಹಿರಿಯರ ಸಂತೋಷ ಕೆಡಿಸುವುದು ನನ್ನಿಂದಾಗದು. ಸುಮ್ಮನೆ ನಗುತ್ತೇನೆ.

ಈ ಗಾಡಿಯ ವಿಷಯದಲ್ಲಿ ನನಗಿರುವ ಒಂದೇ ಶೋಕಿ ಸ್ಪಾರ್ಕ್ ಪ್ಲಗ್ಗಿನದು. ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೊಮ್ಮೆ ಬೆಂಕಿ. ನನ್ನ ಯೆಜ್ಡಿಯಂಥ ಟೂ ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ. ಪ್ಲಗ್ಗಿಗೆ ಉಸಿರಾಡಲು ಪುರುಸೊತ್ತಿಲ್ಲ. ಸಾಲದ್ದಕ್ಕೆ ಪೆಟ್ರೋಲಿನ ಜೊತೆ ಆಯಿಲ್ಲೂ ಉರಿಯಬೇಕು. ಪ್ಲಗ್ಗಿನ ಮೂತಿ 500 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಏರದಿದ್ದರೆ ಅಲ್ಲಿ ಕೂತ ಮಸಿ ಸುಟ್ಟುಹೋಗುವುದಿಲ್ಲ. 850 ದಾಟಿ ಕೆಂಡವಾದರೆ ಕಿಡಿಗೂ ಕಾಯದೆ ತಾನೇ ಬೆಂಕಿ ಹಚ್ಚಿ ಪಿಸ್ಟನ್ನಿಗೆ ತೂತು ಕೊರೆಯುತ್ತದೆ. ಒಳಗಿನ ಪಿಂಗಾಣಿಯ ಮೂಗು ಉದ್ದವಿದ್ದರೆ ಶಾಖ ಹೊರಹೋಗಲು ದೂರದ ದಾರಿ, ಅದು ಹಾಟ್ ಪ್ಲಗ್. ಮೂಗು ಮೊಂಡಾದರೆ ಕೋಲ್ಡ್. ಬ್ರಾಂಡು, ಬೆಲೆ, ಇರಿಡಿಯಮ್ಮಿನ ಠೀವಿ ಎಲ್ಲ ಆಮೇಲಿನ ಮಾತು. ಗಾಡಿ ಯಾವ ರಸ್ತೆಯಲ್ಲಿ, ಯಾವ ವೇಗದಲ್ಲಿ ಓಡುತ್ತದೆಂದು ನಿಜ ಹೇಳಿದವನಿಗೇ ಸರಿಯಾದ ಪ್ಲಗ್ ಸಿಗುವುದು. ಅಂಗಡಿಯ ಕಟ್ಟೆಗೆ ಒರಗಿ ನಿಂತ ಗಂಡಸು ತನ್ನ ಸ್ಪೀಡಿಗೆ ಇಪ್ಪತ್ತಾದರೂ ಸೇರಿಸಿಯೇ ಹೇಳುತ್ತಾನೆ, ಆ ಮಾತು ಬೇರೆ.

ಇನ್ನು ಪ್ಲಗ್ಗಿನ ಹಾಟು-ಕೋಲ್ಡು ಹೇಳುವ ಅಂಕಿಗಳ ಗೋಜಲು. ಎನ್‌ಜಿಕೆಯಲ್ಲಿ ಅಂಕಿ ಏರಿದಷ್ಟೂ ಪ್ಲಗ್ ಕೋಲ್ಡ್. ಬಾಷ್‌ನಲ್ಲಿ ಏರಿದಷ್ಟೂ ಹಾಟ್. ಅದೇ ಬಾಷ್‌ನ ಹಳೆಯ ಲೆಕ್ಕ ಮತ್ತೆ ತಿರುಗುಮುರುಗು: 175ಕ್ಕಿಂತ 225 ಕೋಲ್ಡ್. ಆಗಿನ 175 ಈಗಿನ 7. ಆಗಿನ 225 ಈಗಿನ 5. ಇದನ್ನು ಬಾಯಿಪಾಠ ಮಾಡಿಕೊಂಡೇ ಅಹಮದಾಬಾದಿನ ಎಲ್ಲಿಸ್ ಬ್ರಿಜ್ ಹತ್ತಿರ, ಸಾಬರಮತಿಯ ದಂಡೆಯಲ್ಲಿ ಭಾನುವಾರ ಸೇರುವ ಗುಜರಿ ಬಜಾರಿಗೆ ಹೋಗಬೇಕು. ಅಲ್ಲಿ ಬೀಗ, ಇಕ್ಕಳ, ನಿಂತ ಗಡಿಯಾರಗಳ ನಡುವೆ ನನಗೊಂದು ಮೈಕೋ ಡಬ್ಲ್ಯೂ 175 ಸಿಕ್ಕಿತು, ರಟ್ಟಿನ ಡಬ್ಬಿ ಸಮೇತ. ಪಿಂಗಾಣಿಯ ಮೇಲಿನ ಅಕ್ಷರ ಮಾಸಿರಲಿಲ್ಲ. ಥ್ರೆಡ್ಡಿನಲ್ಲಿ ತುಕ್ಕಿಲ್ಲ. ವಾಷರ್ ಚಪ್ಪಟೆಯಾಗದೆ ಇನ್ನೂ ಉಬ್ಬಿಕೊಂಡೇ ಇತ್ತು, ಅಂದರೆ ಯಾವ ಎಂಜಿನ್ನಿನ ತಲೆಗೂ ಬಿಗಿಯದ ಪ್ಲಗ್ಗು. 1951ರಲ್ಲಿ ಶುರುವಾದ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತು. ಬೆಂಗಳೂರಿನ ಮೈಕೋ ಲೇಔಟ್ ಹಾಗೇ ಇದೆ, ಆಟೋದವರು ಬಾಷ್ ಲೇಔಟ್ ಎಂದರೆ ಬರುವುದಿಲ್ಲ. ಮೈಸೂರಿನ ಎಂಜಿನ್ನಿಗೆ ಬೆಂಗಳೂರಿನ ಆಡುಗೋಡಿಯ ಮೈಕೋ ಕಿಡಿ, ಅದೂ ಸಾಬರಮತಿ ದಂಡೆಯಲ್ಲಿ! ಮಾರುವವನು ನನ್ನ ಮುಖ ನೋಡಿದವನೇ ಬೆಲೆ ಏರಿಸಿದ. ಚೌಕಾಸಿ ಮಾಡಲು ಮನಸ್ಸಾಗಲಿಲ್ಲ.

ತೊಡಕಿರುವುದು ಮೂರು ಊರುಗಳಲ್ಲಿ. ಬರೋಡಾದೊಳಗೆ ಅಲಕಾಪುರಿಯಿಂದ ಮಾಂಡವಿಗೆ ಅರ್ಧ ಥ್ರಾಟಲ್ಲೂ ಬೇಡ. ಇಲ್ಲಿಗೆ ಎನ್‌ಜಿಕೆಯ 6 ಹಿತ. ಅಹಮದಾಬಾದಿಗೆ ಎಕ್ಸ್‌ಪ್ರೆಸ್‌ವೇ ಇದೆ, ದ್ವಿಚಕ್ರಕ್ಕೆ ಪ್ರವೇಶವಿಲ್ಲ. ಹಾಗಾಗಿ ವಾಸದ್, ಆಣಂದ್, ನಡಿಯಾದ್ ಎಂದು ಹಳೇ ರಸ್ತೆ. ಓಡು, ನಿಲ್ಲು, ಚಹಾ ಕುಡಿ, ಓಡು. ಸೂರತ್ತಿನ ದಾರಿ ಬೇರೆಯೇ. ಭರೂಚಿನ ನರ್ಮದೆಯವರೆಗೆ ಲಾರಿಗಳ ಜೊತೆ ಒಂದೇ ಸಮನೆ ಓಡಬೇಕು, 7 ಬೇಕೇ ಬೇಕು. ಅದೇ 7 ಸೂರತ್ತಿನ ರಿಂಗ್ ರೋಡಿನಲ್ಲಿ, ಸೀರೆಗಂಟು ಹೊತ್ತ ಟೆಂಪೋಗಳ ಹಿಂದೆ ತೆವಳುವಾಗ, ಕಪ್ಪಿಟ್ಟು ಮುಕ್ಕರಿಯತೊಡಗುತ್ತದೆ.

ಪ್ಲಗ್ಗಿನ ಬಣ್ಣ ಓದುವುದಕ್ಕೂ ಒಂದು ಕ್ರಮವಿದೆ. ಪಾಲೇಜ್ ದಾಟಿದ ಮೇಲೆ ಥ್ರಾಟಲ್ ಒಂದಿಷ್ಟು ಹೊತ್ತು ತೆರೆದೇ ಇಟ್ಟು, ಒಮ್ಮೆಲೇ ಇಗ್ನಿಷನ್ ಆಫ್ ಮಾಡಿ, ಕ್ಲಚ್ ಹಿಡಿದು ಉರುಳುತ್ತ ಬದಿಗೆ ನಿಲ್ಲಬೇಕು. ಆಮೇಲೆ ಪಾನೆ. ಐಡ್ಲಿಂಗಿನಲ್ಲಿ ಬಿಟ್ಟು ತೆಗೆದರೆ ಪ್ಲಗ್ ಸುಳ್ಳು ಹೇಳುತ್ತದೆ. ಪಿಂಗಾಣಿ ಕಾಫಿಪುಡಿಯ ಬಣ್ಣಕ್ಕಿದ್ದರೆ ನೆಮ್ಮದಿ. ಸುಣ್ಣದ ಬಿಳುಪಾದರೆ ಎಂಜಿನ್ ಬೇಯುತ್ತಿದೆ. ಜಿಡ್ಡುಗಪ್ಪಾದರೆ ಆಯಿಲ್ ಹೆಚ್ಚು, ಇಲ್ಲವೇ ಪ್ಲಗ್ ಕೋಲ್ಡ್.

ಹೀಗೆ ರಸ್ತೆಬದಿಯಲ್ಲಿ ಕೂತಾಗ ಮಜ್ದಾ ಆರ್‌ಎಕ್ಸ್-7 ಸಾಕಿಕೊಂಡವರನ್ನು ನೆನೆದು ಹೊಟ್ಟೆಕಿಚ್ಚೂ ಕನಿಕರವೂ ಒಟ್ಟಿಗೇ ಬರುತ್ತವೆ. ರೋಡ್‌ಕಿಂಗ್ ಬಂದ 1978ರಲ್ಲೇ ಬಂದ ಕಾರು ಅದು. ಪಿಸ್ಟನ್ ಇಲ್ಲದ, ಮುಮ್ಮೂಲೆಯ ರೋಟರ್ ತಿರುಗುವ ವ್ಯಾಂಕೆಲ್ ಎಂಜಿನ್. ಅದಕ್ಕೂ ಬೇಕೆಂದೇ ಒಳಗೆ ಆಯಿಲ್ ಉಣಿಸಿ ಸುಡುತ್ತಾರೆ. ಅಲ್ಲೂ ಒಂದೊಂದು ರೋಟರಿಗೆ ಶಾಫ್ಟಿನ ಪ್ರತಿ ಸುತ್ತಿಗೂ ಬೆಂಕಿ. ಹೀಗಾಗಿ ಪ್ಲಗ್ಗಿನ ಮಟ್ಟಿಗೆ ನಮ್ಮವರೇ. ರೋಟರ್ ಎರಡು, ತಲಾ ಎರಡು ಪ್ಲಗ್ಗು: ಮುಂಚೂಣಿಯದು ಮತ್ತು ಹಿಂಬಾಲಿಸುವುದು. ಆಮೇಲಿನ ಮಾದರಿಗಳಲ್ಲಿ ಎನ್‌ಜಿಕೆಯ ಲೆಕ್ಕಕ್ಕೆ ಮೊದಲನೆಯದು 7, ಎರಡನೆಯದು 9. ಪ್ಲಗ್ಗಿನ ಮೂತಿ ಗುಳಿಯಲ್ಲಿ ಅಡಗಿರಬೇಕು, ಹೊರಚಾಚಿದರೆ ರೋಟರಿನ ಅಂಚಿನ ಸೀಲ್ ಬಡಿದು ಎಂಜಿನ್ನೇ ಮುಗಿಯಿತು. ನನಗೆ ಸಿಲಿಂಡರೂ ಒಂದೇ, ಪ್ಲಗ್ಗೂ ಒಂದೇ. ಆದರೂ ಮೂರೂರಿನ ಪಂಚಾಯಿತಿ.

ಈಚೆಗೆ ಪಂಪುಗಳಲ್ಲಿ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಲೆಕ್ಕ ಇನ್ನೊಮ್ಮೆ ಕದಲಿದೆ. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೇ ಕಾರ್ಬುರೇಟರಿನ ಮಿಶ್ರಣ ತೆಳ್ಳಗಾಗುತ್ತದೆ, ಪಿಂಗಾಣಿ ಬಿಳುಪಿನ ಕಡೆಗೆ ವಾಲುತ್ತದೆ. ದಪ್ಪನೆಯ ಮೇನ್ ಜೆಟ್ ಹಾಕಿದ್ದೇನೆ. ಸದ್ಯಕ್ಕೆ ಎಂಜಿನ್ನಿನಲ್ಲಿ 7. ಟೂಲ್ ಬಾಕ್ಸಿನಲ್ಲಿ ಗ್ಯಾಪನ್ನು 0.6 ಮಿಲಿಮೀಟರಿಗೆ ಹೊಂದಿಸಿಟ್ಟ 6, ಸೂರತ್ತಿನ ರಿಂಗ್ ರೋಡಿಗೆಂದು. ಮೈಕೋ ಮಾತ್ರ ಡಬ್ಬಿಯಲ್ಲೇ ಇದೆ. ಹಾಕಿ ನೋಡು ಎಂದು ಮನೆಯವಳು ಆಗಾಗ ಹೇಳುತ್ತಾಳೆ. ಮಳೆಗಾಲ ಮುಗಿಯಲಿ ಎನ್ನುತ್ತೇನೆ.