ನಲವತ್ತಾರು

ಜನವರಿ 1ರ ಬೆಳಿಗ್ಗೆ, ಆರಕ್ಕೆ ಇನ್ನೂ ಹತ್ತು ನಿಮಿಷ. ಕಲಬುರಗಿಯಿಂದ ಬರುವ ಅಪ್ಪನನ್ನು ಕರೆತರಲು ಅವನು ಹೈದರಾಬಾದಿನ ನಾಂಪಲ್ಲಿ ನಿಲ್ದಾಣಕ್ಕೆ ಹೊರಟಿದ್ದ. ರಾತ್ರಿ ಗೆಳೆಯರ ಮನೆಯಲ್ಲಿ ಕುಡಿದದ್ದು ನಿಜ. ಆದರೆ ಮನೆಗೆ ಕ್ಯಾಬಿನಲ್ಲೇ ಬಂದಿದ್ದ. ಒಂದು ಗಂಟೆಗೆ ಮಲಗಿ, ಐದಕ್ಕೆ ಎದ್ದು, ತಣ್ಣೀರು ಸುರಿದುಕೊಂಡು, ಎರಡು ಲೋಟ ಕಾಫಿ ಕುಡಿದಿದ್ದ. ನಿಲ್ದಾಣ ಅರ್ಧ ಕಿಲೋಮೀಟರ್ ಇರುವಾಗ ಪೊಲೀಸರು ಕೈ ಅಡ್ಡ ಹಿಡಿದರು. ಊದಿದ. ಯಂತ್ರ 46 ಅಂತು.

ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ ಮದ್ಯದ ಅಂಶ 30 ಮಿಲಿಗ್ರಾಂ ದಾಟಿದರೆ ಅಪರಾಧ. ಯಾವಾಗ ಕುಡಿದಿರಿ, ಮಲಗಿದ್ದಿರಾ ಎಂದು ಆ ಕಲಮು ಕೇಳುವುದಿಲ್ಲ. ನಮ್ಮ ದೇಹ ಗಂಟೆಗೆ ಸುಮಾರು 15 ಮಿಲಿಗ್ರಾಂನಷ್ಟನ್ನು ಮಾತ್ರ ಕರಗಿಸುತ್ತದೆ. ಮಲಗುವಾಗ 120 ಇದ್ದರೆ ಐದು ಗಂಟೆ ಕಳೆದರೂ 45ರ ಆಸುಪಾಸು. ಕಾಫಿ, ತಣ್ಣೀರು, ಮಜ್ಜಿಗೆ ಯಾವುದೂ ಈ ಲೆಕ್ಕವನ್ನು ಬದಲಿಸುವುದಿಲ್ಲ. ಅವು ನಿದ್ದೆ ಬಿಡಿಸುತ್ತವೆ, ಅಷ್ಟೆ.

ಇಂಗ್ಲೆಂಡಿನಲ್ಲಿ ಮಿತಿ 80, ಅಲ್ಲಿ ಇದು ತಪ್ಪೇ ಅಲ್ಲ ಎಂದು ಗೆಳೆಯನೊಬ್ಬ ಆಮೇಲೆ ಸಮಾಧಾನ ಹೇಳಿದ. ಆದರೆ ಕಾರು ಓಡುತ್ತಿದ್ದದ್ದು ನಾಂಪಲ್ಲಿಯಲ್ಲಿ. ಈ ಅಪರಾಧಕ್ಕೆ ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸಲು ಬರುವುದಿಲ್ಲ, ಕೋರ್ಟಿಗೇ ಹೋಗಬೇಕು. 2019ರ ಸೆಪ್ಟೆಂಬರಿಗೆ ಮೊದಲು ಮೊದಲ ಸಲದ ದಂಡ ಹೆಚ್ಚೆಂದರೆ 2,000 ರೂಪಾಯಿ. ಈಗ 10,000 ರೂಪಾಯಿ, ಇಲ್ಲವೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ. ಮತ್ತೆ ಸಿಕ್ಕಿಬಿದ್ದರೆ 15,000 ರೂಪಾಯಿ, ಎರಡು ವರ್ಷದವರೆಗೆ ಜೈಲು. ಲೈಸೆನ್ಸೂ ಅಮಾನತಾಗಬಹುದು. ಹೈದರಾಬಾದಿನಲ್ಲಿ ಕೋರ್ಟಿಗೆ ಮೊದಲು ಮನೆಯವರ ಜೊತೆ ಕೌನ್ಸೆಲಿಂಗಿಗೂ ಕೂರಬೇಕು. ಅವನ ಜೊತೆ ಕೂತವರು ಅಪ್ಪ: ಸಾರಿಗೆ ಸಂಸ್ಥೆಯಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಕೋರ್ಟಿನಲ್ಲಿ ಅವನಿಗೆ ದಂಡವಷ್ಟೇ ಆಯಿತು.

ಆದರೆ ಅವನಿಗೆ ನೆನಪಿರುವುದು ಕೋರ್ಟಲ್ಲ.

ಆ ಬೆಳಿಗ್ಗೆ ಪೊಲೀಸರು, ಲೈಸೆನ್ಸ್ ಇರುವ, ಕುಡಿಯದ ಯಾರನ್ನಾದರೂ ಕರೆಸಿ, ಇಲ್ಲವಾದರೆ ಗಾಡಿ ಸ್ಟೇಷನ್ನಿಗೆ ಹೋಗುತ್ತದೆ ಎಂದರು. ಅವನು ಅಪ್ಪನಿಗೆ ಫೋನು ಮಾಡಿದ. ಅಪ್ಪ ಬ್ಯಾಗು ಹೆಗಲಿಗೇರಿಸಿಕೊಂಡು ನಡೆದೇ ಬಂದರು. ಯಾರೂ ಹೇಳುವ ಮೊದಲೇ ತಾವೂ ಊದಿದರು. ಸೊನ್ನೆ. ಲೈಸೆನ್ಸ್ ತೋರಿಸಿ ಕೀಲಿ ತಗೊಂಡರು. ಸೀಟು ಮುಂದಕ್ಕೆಳೆದು, ಕನ್ನಡಿ ಸರಿಮಾಡಿಕೊಂಡು, ಗೊತ್ತಿಲ್ಲದ ಊರಿನ ರಸ್ತೆಗೆ ಕಾರು ಇಳಿಸಿದರು. ಮಗ ಪಕ್ಕದಲ್ಲಿ ಕೂತು ಎಡಕ್ಕೆ, ಬಲಕ್ಕೆ ಅನ್ನುತ್ತಿದ್ದ. ಬೇರೆ ಮಾತಿಲ್ಲ.

ಮೂರನೇ ಸಿಗ್ನಲ್ಲಿನಲ್ಲಿ ಅಪ್ಪ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದರು. ಅಲ್ಲಿ ಮೊಮ್ಮಗಳ ಗುಲಾಬಿ ಸ್ವೆಟರು ಬಿದ್ದಿತ್ತು.

‘ಆಕೀನ್ನೂ ಕರ್ಕೊಂಡ್ ಬರ್ತೀನಿ ಅಂದಿದ್ದೆಲ್ಲ?’

‘ಎಬ್ಬಿಸ್ದೆ. ಏಳಲಿಲ್ಲ.’

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದರು. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ಗೇರು ಹಾಕುವುದನ್ನು ಒಂದು ಕ್ಷಣ ಮರೆತಿದ್ದರು.